ಚರ್ಚೆಗೆ ಮೂವತ್ತು ಸೆಕೆಂಡು

ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಬ್ಬೊಬ್ಬರೇ ವಿದ್ಯಾರ್ಥಿ ಉಳಿದ ಮೇಲೂ ಟಿವಿಯವರು ಕ್ವಿಜ್‌ಗೆ ತಂಡಕ್ಕೆ ನಾಲ್ಕು ಕುರ್ಚಿ ಹಾಕುವುದನ್ನು ಬಿಟ್ಟಿರಲಿಲ್ಲ. ಭೀಮಾ ವಿಶ್ವವಿದ್ಯಾಲಯದ ನೀಲಾಂಬಿಕಾ ಎಂದಿನಂತೆ ಮೂರು ಖಾಲಿ ಕುರ್ಚಿಗಳ ಪಕ್ಕ ಕೂತಳು. ಎದುರಿಗೆ ನೇತ್ರಾವತಿ ವಿಶ್ವವಿದ್ಯಾಲಯದ ಡೆನ್ಸಿಲ್, ಅವನ ಪಕ್ಕದಲ್ಲೂ ಮೂರು ಖಾಲಿ ಕುರ್ಚಿ. ಫೈನಲ್ ಹತ್ತೊಂಬತ್ತು ವಾರಗಳಿಂದ ಟೈ ಆಗುತ್ತಲೇ ಇತ್ತು. ಒಬ್ಬರು ಗೆದ್ದರೆ ಸೀಸನ್ ಮುಗಿಯುತ್ತದೆ. ಆಮೇಲೆ ಇಬ್ಬರಿಗೂ ಉಳಿದೆಲ್ಲ ಕೋಣೆಗಳಿಗೆ ಬೀಗ ಬಿದ್ದ ತಮ್ಮ ತಮ್ಮ ಹಾಸ್ಟೆಲೇ ಗತಿ.

“ಕೊನೇ ಪ್ರಶ್ನೆ. ಭೀಮಾ ನದಿ ಯಾವ ನದಿಯನ್ನು ಸೇರುತ್ತದೆ? ತಂಡದವರ ಜೊತೆ ಚರ್ಚಿಸಿ, ಮೂವತ್ತು ಸೆಕೆಂಡು,” ಎಂದರು ಕ್ವಿಜ್ ಮಾಸ್ಟರ್.

ನೀಲಾಂಬಿಕಾ ಖಾಲಿ ಕುರ್ಚಿಯತ್ತ ಬಾಗಿ ಕೂತಳು. ಅವಳು ಹುಟ್ಟಿದ್ದೇ ಆ ನದಿಯ ದಂಡೆಯಲ್ಲಿ. ಗಂಟೆ ಹೊಡೆಯಿತು.

“ನಂಗ ಗೊತ್ತಿಲ್ರಿ ಸರ್. ಪಾಸ್.”

ಪ್ರಶ್ನೆ ಡೆನ್ಸಿಲ್‌ಗೆ ಹೋಯಿತು. ಅವನು ಕುರ್ಚಿಗಳ ಕಡೆ ತಿರುಗಲೇ ಇಲ್ಲ; ಮೂವತ್ತು ಸೆಕೆಂಡೂ ಅವಳನ್ನೇ ನೋಡಿದ.

“ನಂಗೆ ಗೊತ್ತುಂಟು,” ಎಂದ.

ಅವಳು ಪಕ್ಕದ ಖಾಲಿ ಕುರ್ಚಿಯ ಅಂಚು ಹಿಡಿದಳು.

“ಅಲ್ಲ, ಗೊತ್ತಿಲ್ಲ ಸರ್. ಪಾಸ್,” ಎಂದ ಡೆನ್ಸಿಲ್.

ಕ್ವಿಜ್ ಮಾಸ್ಟರ್ ಉತ್ತರದ ಚೀಟಿ ಬಿಡಿಸಿದರು. ಕೃಷ್ಣಾ ಎಂದು ದಪ್ಪಕ್ಷರದಲ್ಲಿತ್ತು. ಇಬ್ಬರ ಮುಖವನ್ನೂ ನೋಡಿ, ಓದದೆ ಮಡಚಿ ಜೇಬಿಗಿಟ್ಟುಕೊಂಡರು.

“ಬಹಳ ಕಷ್ಟದ ಪ್ರಶ್ನೆ,” ಎಂದರು.