ಕೇಸಿಗೆ ಬೇಕಾದಷ್ಟೇ

ಜಲಜಾಕ್ಷಮ್ಮನವರ ನಂಬರಿನಿಂದ ಯಾರೋ ಕಳ್ಳರು ಊರಿಗೆಲ್ಲ ಲಾಟರಿ ಲಿಂಕು ಕಳಿಸಿಬಿಟ್ಟಿದ್ದರು. ಸೈಬರ್ ಠಾಣೆಯವರು ತನಿಖೆಗೆಂದು ಫೋನನ್ನೇ ತೆಗೆದುಕೊಂಡು ಹೋದರು. ಆದರೆ ಜಲಜಾಕ್ಷಮ್ಮನವರ ನಿದ್ದೆ ಕೆಡಿಸಿದ್ದು ಕಳ್ಳರಲ್ಲ. ನಾದಿನಿಯ ಮೇಲಿನ ಸಿಟ್ಟನ್ನೆಲ್ಲ ಅವರು ತಂಗಿಗೆ ಮೆಸೇಜು ಮಾಡಿ ತೀರಿಸಿಕೊಂಡಿದ್ದರು. ಆ ನಾದಿನಿಯ ಮನೆಯೋ ಠಾಣೆಯ ಎದುರಿಗೇ ಇತ್ತು!

ಕಳ್ಳರು ಸಿಕ್ಕಿಬಿದ್ದ ಮೇಲೆ ಫೋನು ವಾಪಸು ಪಡೆಯಲು ಹೋದವರು ಇನ್ಸ್‌ಪೆಕ್ಟರರ ಮುಂದೆ ಸೆರಗು ಬಿಗಿದು ನಿಂತರು.

“ಸ್ವಾಮೀ, ನಿಜ ಹೇಳಿ. ನಮ್ಮನೆ ಮಾತುಕತೆ ಏನಾದ್ರೂ ಓದಿದ್ರಾ?”

“ಛೆ ಛೆ, ಎಲ್ಲಾದ್ರೂ ಉಂಟಾ! ಕೇಸಿಗೆ ಬೇಕಾದಷ್ಟು ಮಾತ್ರ ನೋಡೋದು. ಬೇರೆಯವರ ಮನೆ ವಿಷಯಕ್ಕೆ ತಲೆ ಹಾಕೋಕೆ ಕಾನೂನು ಬಿಡಲ್ಲಮ್ಮ.”

“ನಮ್ಮ ತಂಗಿಗೆ ಬರೆದಿದ್ದು?”

“ನಿಮಗೊಬ್ಬ ತಂಗಿ ಇದ್ದಾರೆ ಅನ್ನೋದೇ ನಮಗೆ ಗೊತ್ತಿಲ್ಲ.”

ಜಲಜಾಕ್ಷಮ್ಮನವರಿಗೆ ಹೋದ ಜೀವ ಬಂದಂತಾಯಿತು. ಫೋನನ್ನು ಸೆರಗಿನಿಂದ ಒರೆಸಿ ಬ್ಯಾಗಿಗೆ ಹಾಕಿಕೊಂಡು, “ನಿಮ್ಮ ಹೊಟ್ಟೆ ತಣ್ಣಗಿರಲಿ” ಎಂದು ಎಲ್ಲರನ್ನೂ ಹರಸಿ ಹೊರಟರು. ಬಾಗಿಲು ದಾಟುವಷ್ಟರಲ್ಲಿ ಹಿಂದೆ ಗುಸುಗುಸು ಶುರುವಾಯಿತು. “ನೀವೇ ಹೇಳಿ ಸಾರ್” ಎಂದು ಒಬ್ಬ ಪೇದೆ ಇನ್ಸ್‌ಪೆಕ್ಟರರನ್ನು ಮುಂದೆ ದಬ್ಬಿದ.

ಇನ್ಸ್‌ಪೆಕ್ಟರು ಗಂಟಲು ಸರಿಮಾಡಿಕೊಂಡರು.

“ಅಮ್ಮಾ, ನಿಮ್ಮ ರೇಷ್ಮೆ ಸೀರೆ ಉಟ್ಕೊಂಡು ಹೋಗಿ, ಸಾರು ಚೆಲ್ಕೊಂಡು ಬಂದು, ‘ನಾನಲ್ಲ’ ಅಂದರಲ್ಲ ನಿಮ್ಮ ನಾದಿನಿ... ಆ ವಿಷಯದಲ್ಲಿ ಇಡೀ ಸ್ಟೇಷನ್ನು ನಿಮ್ಮ ಕಡೆಗಿದೆ.”