ಹೆಡ್‌ಮಾಸ್ಟರರ ನಕಲು

"ನೋಡಮ್ಮ, ಜಗ್ ತುಂಬಿದೆ. ಇನ್ನು ನನ್ನನ್ನ ಮನೆಗೆ ಕಳಿಸಿಬಿಡು" ಎಂದು ನಿವೃತ್ತ ಹೆಡ್‌ಮಾಸ್ಟರರು ಮಂಚದ ಕೆಳಗಿದ್ದ ಅಳತೆಯ ಜಗ್ಗನ್ನು ಕಾಲಿನಿಂದಲೇ ಮುಂದೆ ತಳ್ಳಿದರು. ಪ್ರಾಸ್ಟೇಟ್ ಆಪರೇಷನ್ ಆಗಿ, ಬೆಳಿಗ್ಗೆಯಷ್ಟೇ ಮೂತ್ರದ ಕೊಳವೆ ತೆಗೆಸಿಕೊಂಡಿದ್ದ ಅವರಿಗೆ ಇವತ್ತು ಒಂದೇ ಪರೀಕ್ಷೆ. ತಾವಾಗಿ ಮೂತ್ರ ಮಾಡಿದರೆ ಮನೆ, ಇಲ್ಲದಿದ್ದರೆ ಮತ್ತೆ ಕೊಳವೆ ಮತ್ತು ಚೀಲ.

"ಒಂದ್ಸಲ ಸ್ಕ್ಯಾನ್ ಮಾಡ್ಬಿಡ್ತೀನಿ ಸಾರ್" ಎಂದು ತರಬೇತಿಯಲ್ಲಿದ್ದ ಕಿರಿಯ ಡಾಕ್ಟರಮ್ಮ ಕೋಟಿನ ಜೇಬಿನಿಂದ ಪುಟ್ಟ ಯಂತ್ರ ತೆಗೆದಳು.

"ಅದು ಬಸುರಿಯರಿಗಲ್ವೇನಮ್ಮ?"

"ಮಾಡಿಸ್ಕೊಳ್ಳಿ ಮೇಷ್ಟ್ರೇ, ನಿಮ್ಮ ಹೊಟ್ಟೆಯೇನು ಕಡಿಮೆ ಇಲ್ಲ" ಎಂದ ಪಕ್ಕದ ಮಂಚದ ಬಸ್ ಡ್ರೈವರ್. ಕಿಡ್ನಿಯ ಕಲ್ಲಿಗೆಂದು ಸೇರಿದ್ದ ಅವನಿಗೆ ಬಾಟಲಿಗಟ್ಟಲೆ ನೀರು ಕುಡಿಯುವುದು, ಬಾಯಿ ನೋಯುವಷ್ಟು ಮಾತಾಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಅವಳು ಜೆಲ್ ಹಚ್ಚಿ, ಹೊಕ್ಕುಳ ಕೆಳಗೆ ಯಂತ್ರ ಒತ್ತಿದಳು. ಪರದೆಯ ಮೇಲೆ ಕಪ್ಪಗೆ ದೊಡ್ಡ ಕೆರೆ. ಮೂತ್ರಕೋಶ ತುಂಬಿ ತುಳುಕುತ್ತಿತ್ತು! ಹೋದ ವಾರ ದೊಡ್ಡ ಡಾಕ್ಟರು ಹೆಗಲ ಮೇಲಿಂದ ಇಣುಕುತ್ತಿದ್ದಾಗ ಅವಳು ಕರುಳನ್ನು ತೋರಿಸಿ ಮೂತ್ರಕೋಶ ಎಂದಿದ್ದಳು. ವಾರ್ಡೆಲ್ಲ ನಕ್ಕಿತ್ತು. ಇವತ್ತೂ ತನ್ನ ಕೈ ತಪ್ಪಿತೋ, ಜಗ್ಗೇ ಸುಳ್ಳು ಹೇಳುತ್ತಿದೆಯೋ? ದೊಡ್ಡ ಡಾಕ್ಟರು ಇನ್ನೇನು ಬರುವ ಹೊತ್ತು.

ಅವಳು ಜಗ್ಗನ್ನು ನೋಡಿದಳು. ಆಮೇಲೆ ಡ್ರೈವರನ ತಲೆದಿಂಬಿನ ಪಕ್ಕ ಸಾಲಾಗಿ ನಿಂತ ಖಾಲಿ ಬಾಟಲಿಗಳನ್ನು ನೋಡಿದಳು.

"ಅಣ್ಣಾ, ಅಂಗಿ ಎತ್ತಿ."

"ನನಗ್ಯಾಕಮ್ಮಾ? ನಂದು ಕಲ್ಲು!"

"ಎತ್ತಿ ಅಂದೆ."

ಅವನ ಮೂತ್ರಕೋಶ ಹಿಂಡಿ ಹರವಿದ ಬಟ್ಟೆಯಂತಿತ್ತು. "ಕುಡಿದ ನೀರೆಲ್ಲ ಎಲ್ಲಿ ಹೋಯ್ತಣ್ಣ?"

ಡ್ರೈವರ್ ಕಿಟಕಿಯ ಆಚೆ ದೃಷ್ಟಿ ನೆಟ್ಟ. "ಪಾಪ, ದೊಡ್ಡೋರು ಬಾಯಿಬಿಟ್ಟು ಕೇಳಿದ್ರು. ಕೊಟ್ಟೆ."

ಹೆಡ್‌ಮಾಸ್ಟರರ ಕಿವಿ ಕೆಂಪಾಯಿತು. "ನಕಲು ಹೊಡೆದ ಎಷ್ಟು ಹುಡುಗರನ್ನ ಪರೀಕ್ಷೆಯಿಂದ ಎಬ್ಬಿಸಿ ಕಳಿಸಿದೀನಿ ನಾನು" ಎಂದು ಗೋಡೆಗೆ ಹೇಳಿಕೊಂಡರು. "ಏನ್ಮಾಡ್ಲಮ್ಮ? ಬೀದಿಗಿಳಿದ್ರೆ ಎಲ್ಲೆಲ್ಲೂ ಶಿಷ್ಯರು. ಆ ಚೀಲ ನೇತಾಡಿಸ್ಕೊಂಡು ನಮಸ್ಕಾರ ತಗೊಳ್ಳೋದಾ? ಇಲ್ಲಿ ನಿಂತ್ರೆ ಇಡೀ ವಾರ್ಡಿನ ಕಿವಿ ನನ್ನ ಮೇಲೇ. ಈ ಮಹಾರಾಯ ಬೇರೆ 'ಬ್ರೇಕ್ ಬಿಡಿ ಮೇಷ್ಟ್ರೇ, ಬ್ರೇಕ್ ಬಿಡಿ' ಅಂತ ಕೂಗ್ತಾನೆ. ಬರೋದೂ ಹೆದರಿ ಒಳಗೆ ಓಡಿಹೋಗುತ್ತೆ."

ಅವಳಿಗೆ ನಗು ಬರಲಿಲ್ಲ. ಯಾರಾದರೂ ನೋಡುತ್ತ ನಿಂತರೆ ತನ್ನ ಕೈಯ ಗತಿಯೂ ಅದೇ. ಬೇರೆ ಜಗ್ಗು ಕೊಟ್ಟು, ಮಂಚದ ಸುತ್ತ ಪರದೆ ಎಳೆದು, ಗೋಡೆಯ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. "ಅಣ್ಣಾ, ಏನಾದ್ರೂ ಜೋರಾಗಿ ಹೇಳಿ. ಮೇಷ್ಟ್ರ ಸುದ್ದಿ ಮಾತ್ರ ಬೇಡ."

ಹೇಳು ಎನ್ನುವವರು ಸಿಕ್ಕಿದ್ದೇ ಅವನ ಭಾಗ್ಯ. ಬಸ್ಸಿಗೆ ಹತ್ತಿದ ಮೇಕೆಯೊಂದು ಇಳಿಯಲೊಲ್ಲೆ ಎಂದು ಹಟ ಹಿಡಿದ ಕಥೆ ಶುರುವಾಯಿತು. "ಟಿಕೆಟ್ ಕೇಳೋಕೆ ಹೋದ ಕಂಡಕ್ಟರನ್ನೇ ಗುಮ್ಮಿ ಹೊರಗೆ ಹಾಕ್ತು ಕಣ್ರೀ! ನಾನು ಹಾರ್ನ್ ಹೊಡೆದ್ರೆ ಅದೂ ಮೇ ಅಂತು!" ವಾರ್ಡು ಹೊಟ್ಟೆ ಹಿಡಿದುಕೊಂಡು ನಗತೊಡಗಿತು.

ಮೊಗಸಾಲೆಯಲ್ಲಿ ದೊಡ್ಡ ಡಾಕ್ಟರ ಬೂಟಿನ ಸಪ್ಪಳ ಕೇಳಿಸಿತು. ಇನ್ನು ಕಾಯುವಂತಿಲ್ಲ. ಅವಳು ನಲ್ಲಿ ಮುಚ್ಚಿದಳು.

ನೀರಿನ ಸದ್ದು ನಿಲ್ಲಲಿಲ್ಲ.

ಡ್ರೈವರನ ಕಣ್ಣು ಅರಳಿತು. ಶಾಭಾಷ್ ಎನ್ನಲು ಅವನು ಬಾಯಿ ತೆರೆದದ್ದೇ ತಡ, ಅವಳು ಹಾರಿ ಬಂದು ಜೆಲ್ ಮೆತ್ತಿದ ಅಂಗೈಯಿಂದ ಆ ಬಾಯನ್ನು ಗಟ್ಟಿಯಾಗಿ ಮುಚ್ಚಿದಳು. ಬಾಗಿಲಲ್ಲಿ "ಏನಿದು?" ಎಂದ ದೊಡ್ಡ ಡಾಕ್ಟರ ಕಡೆಗೆ ತಿರುಗಿ, ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟು, "ಶ್!" ಎಂದಳು.