ವಾರಿಜಾ ಆಂಟಿಯ ಬಂಗಲೆ

ನೈಟಿಯ ಮೇಲೆ ಟವಲ್ ಹೊದ್ದು ಬಾಗಿಲು ತೆಗೆಯುವುದು ಶೋಭೆಯೇ ಎಂಬ ಘನಗಂಭೀರ ಪ್ರಶ್ನೆ ಇತ್ಯರ್ಥವಾಗುವ ಮೊದಲೇ ವಾರಿಜಾ ಬಾಗಿಲು ತೆಗೆದುಬಿಟ್ಟಿದ್ದರು. ಪರದೇಶದ ಅಕ್ಸ್‌ಬ್ರಿಡ್ಜ್ ಊರಿನ ಅಂಚಿನಲ್ಲಿ ತಾವಿದ್ದ, ಅಗ್ಗದ ಪೆಟ್ಟಿಗೆಮನೆಗಳ ಆ ಮೊಬೈಲ್ ಹೋಮ್ ಪಾರ್ಕಿನ ನೆಲವನ್ನು ಬಾಡಿಗೆದಾರರೇ ಸೇರಿ ಮಾಲೀಕನಿಂದ ಕೊಳ್ಳಲು ಇನ್ನು ಬೇಕಿದ್ದದ್ದು ವಾರಿಜಾ ಅವರದೊಂದೇ ಸಹಿ. ಸಂಜೆ ಐದಕ್ಕೆ ಗಡುವು. ಪೆನ್ನು ಹಿಡಿದೇ ಕಾದಿದ್ದರು. ಆದರೆ ವಕೀಲರ ಕಡೆಯಿಂದ ಫಾರಂ ತಂದವಳು ಕನ್ನಡ ಸಂಘದ ಡಾಕ್ಟರ್ ಋಷಿಕೇಶರ ಮಗಳು ಧೃತಿ.

“ಆಂಟಿ! ಯೂ ಲಿವ್ ಹಿಯರ್? ನಿಮ್ಮದು ಬಂಗಲೆ ಅಂತ ಅಮ್ಮ ಹೇಳ್ತಿದ್ರು!”

ಸಂಘದ ಪ್ರತಿ ಯುಗಾದಿಗೂ ಆ ಬಂಗಲೆಗೆ ಒಂದೊಂದು ಕೋಣೆ ಸೇರಿಸುತ್ತ ಬಂದವರು ವಾರಿಜಾ ಅವರೇ. ಕಿವಿ ಬಿಸಿಯಾಯಿತು, ಪೆನ್ನು ಮೆಲ್ಲಗೆ ಟವಲಿನೊಳಗೆ ಸರಿಯಿತು.

“ಅಯ್ಯೋ, ಇದು ನನ್ನ ಫ್ರೆಂಡ್ ಮನೆ ಕಣಮ್ಮ. ನೋಡ್ಕೊಂಡು ಹೋಗೋಣ ಅಂತ ಬಂದೆ.”

“ನೈಟೀಲಾ, ಆಂಟಿ?”

“ಏನ್ ಸೆಕೆ ನೋಡು ಈ ಸಲ!”

ಧೃತಿ ಫಾರಮ್ಮಿನಲ್ಲಿ ಅಚ್ಚಾಗಿದ್ದ ಹೆಸರನ್ನೊಮ್ಮೆ, ಆಂಟಿಯ ಮುಖವನ್ನೊಮ್ಮೆ ನೋಡಿದಳು. ನಗಲಿಲ್ಲ. “ಆಯ್ತು ಆಂಟಿ. ಐದರವರೆಗೆ ಗೇಟ್ ಹತ್ರಾನೇ ಇರ್ತೀನಿ. ನಿಮ್ಮ ಫ್ರೆಂಡ್ ಬಂದ್ರೆ ಕಳ್ಸಿ.”

ಅವಳು ನಕ್ಕಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಐದು ಹೊಡೆಯುವವರೆಗೂ ವಾರಿಜಾ ಹೊರಗೆ ಬರಲಿಲ್ಲ. ಪಾರ್ಕು ಮಾಲೀಕನಿಗೇ ಉಳಿಯಿತು.